ಸಾರಸ್ ಹಾರಿತು, ಆಮೇಲೆ?

ಚುನಾವಣೆ ಹತ್ತಿರ ಬಂದಾಗಲೆಲ್ಲ ಈ ಅಂಕಣಕ್ಕೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಮೈಸೂರಿನ ಮಂಡಕಳ್ಳಿ ನಿಲ್ದಾಣದಲ್ಲಿ ದೊಡ್ಡ ನಾಯಕರು ಪುಟ್ಟ ಜೆಟ್ ವಿಮಾನದಿಂದ ಇಳಿಯುವ ಚಿತ್ರ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಅದನ್ನು ನೋಡಿ ಕೆ.ಆರ್. ಪೇಟೆಯಿಂದಲೋ ನಾಗಮಂಗಲದಿಂದಲೋ ಯಾರಾದರೂ ಬರೆಯುತ್ತಾರೆ: ‘ರಾಕೆಟ್ ಬಿಡುತ್ತೇವೆ, ಚಂದ್ರನ ಮೇಲೆ ಇಳಿಯುತ್ತೇವೆ, ಯುದ್ಧವಿಮಾನ ಕಟ್ಟುತ್ತೇವೆ. ಹತ್ತು ಜನ ಕೂರುವ ಈ ಸಣ್ಣ ವಿಮಾನವನ್ನು ನಾವೇ ಯಾಕೆ ಮಾಡಿಕೊಳ್ಳುವುದಿಲ್ಲ?’ ಶಾಲೆ ಕಾಲೇಜುಗಳಿಗೆ ಮಾತಾಡಲು ಹೋದಾಗಲೂ ಇದೇ ಪ್ರಶ್ನೆ ಎದುರಾಗುತ್ತದೆ. ಪಾಂಡವಪುರದ ಹುಡುಗಿಯೊಬ್ಬಳು ಕೇಳಿದ್ದು ಇನ್ನೂ ನೇರವಾಗಿತ್ತು: ‘ಸರ್, ನಮಗೆ ಬರಲ್ವಾ, ಇಲ್ಲಾ ನಾವು ಮಾಡಲ್ವಾ?’

ಅವಳಿಗೆ ಅವತ್ತು ಚುಟುಕಾಗಿ ಹೇಳಿದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ನಮಗೆ ಬರುತ್ತದೆ. ಮಾಡಿಯೂ ಇದ್ದೇವೆ. ನಮ್ಮೂರುಗಳಿಂದ ಬೆಳಗಿನ ರೈಲು ಹತ್ತಿದರೆ ಮಧ್ಯಾಹ್ನದೊಳಗೆ ಮುಟ್ಟುವ ಬೆಂಗಳೂರಿನಲ್ಲೇ ಅಂಥ ವಿಮಾನವೊಂದು ರೂಪುಗೊಂಡು, ಅಲ್ಲಿಂದಲೇ ಆಕಾಶಕ್ಕೆ ಏರಿತು. ಅದರ ಹೆಸರು ಸಾರಸ್. ಆದರೆ ಒಂದು ವಿಮಾನವನ್ನು ಹಾರಿಸುವುದಕ್ಕೂ ಆ ವಿಮಾನವನ್ನು ತಯಾರಿಸಿ ಮಾರುವುದಕ್ಕೂ ನಡುವೆ ಬಹು ದೂರದ ದಾರಿ ಇದೆ. ನಾವು ಸೋತದ್ದು ಆ ದಾರಿಯಲ್ಲಿ.

ಮೊದಲು ಈ ಜಾತಿಯ ವಿಮಾನ ಯಾರಿಗೆ ಬೇಕು ಎಂಬುದನ್ನು ನೋಡೋಣ. ಬಿಸಿನೆಸ್ ಜೆಟ್ ಎಂದೊಡನೆ ಕೋಟ್ಯಧಿಪತಿಗಳ ಷೋಕಿ ಎಂದುಕೊಳ್ಳುತ್ತೇವೆ. ಅದು ಅರ್ಧ ನಿಜ ಮಾತ್ರ. ಆರರಿಂದ ಹತ್ತೊಂಬತ್ತು ಜನರನ್ನು ಹೊತ್ತು, ಗಿಡ್ಡ ಓಡುದಾರಿಯಿಂದ ಏರಿ ಇಳಿಯುವ ವಿಮಾನಕ್ಕೆ ಬೇರೆ ಕೆಲಸಗಳೂ ಬೇಕಾದಷ್ಟಿವೆ. ಮಂಡಕಳ್ಳಿಯ ಓಡುದಾರಿಯನ್ನೇ ನೋಡಿ. ಅದರ ಉದ್ದ 1,740 ಮೀಟರ್. ನೂರೈವತ್ತು, ನೂರೆಂಬತ್ತು ಜನ ಕೂರುವ ದೊಡ್ಡ ಜೆಟ್‌ಗಳ ನಿತ್ಯದ ಓಡಾಟಕ್ಕೆ ಅದು ಸಾಲದು. ಪ್ರೊಪೆಲ್ಲರ್ ಇರುವ ಎಟಿಆರ್‌ನಂಥ ವಿಮಾನಗಳಿಗೆ, ಅದಕ್ಕಿಂತ ಚಿಕ್ಕವಕ್ಕೆ ಸಾಕು. ದೇಶದಲ್ಲಿ ಇಂಥ ಓಡುದಾರಿಗಳು ಎಷ್ಟೋ ಇವೆ. ಕಸಿಗೆ ಬೇಕಾದ ಹೃದಯವನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಒಯ್ಯಬೇಕು, ಸಣ್ಣ ಊರಿನ ರೋಗಿಯನ್ನು ದೊಡ್ಡಾಸ್ಪತ್ರೆಗೆ ಸೇರಿಸಬೇಕು, ಕಡಲತೀರದ ಮೇಲೆ ಕಣ್ಣಿಡಬೇಕು, ಸೇನೆಯ ಚಾಲಕರಿಗೆ ತರಬೇತಿ ಕೊಡಬೇಕು. ಇದೆಲ್ಲಕ್ಕೂ ಒಗ್ಗುವುದು ಈ ಗಾತ್ರದ ವಿಮಾನವೇ.

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎಲ್ಲರೂ ಎನ್‌ಎಎಲ್ ಎಂದು ಕರೆಯುವ ಸಂಸ್ಥೆ, ಈ ಅಗತ್ಯವನ್ನು 1980ರ ದಶಕದಲ್ಲೇ ಗುರುತಿಸಿತು. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ಅಡಿಯಲ್ಲಿ 1959ರಲ್ಲಿ ದೆಹಲಿಯಲ್ಲಿ ಹುಟ್ಟಿದ ಈ ಪ್ರಯೋಗಾಲಯ ಮರುವರ್ಷ ಬೆಂಗಳೂರಿಗೆ ಬಂತು. ಗಾಳಿಸುರಂಗದ ಪರೀಕ್ಷೆ, ಲೋಹದ ದಣಿವಿನ ಅಧ್ಯಯನ, ಬೇರೆಯವರು ಕಟ್ಟುವ ವಿಮಾನಗಳಿಗೆ ಬೇಕಾದ ಸಂಶೋಧನೆ ಇವು ಅದರ ಮೂಲ ಕಸುಬು. ತಾನೇ ವಿಮಾನ ಕಟ್ಟುವ ಕೆಲಸಕ್ಕೆ ಅದು ಕೈಹಾಕಿದ್ದು ತಡವಾಗಿ. ಮೊದಲು ಬಂದದ್ದು ಹಂಸ ಎಂಬ ಇಬ್ಬರು ಕೂರುವ ತರಬೇತಿ ವಿಮಾನ. 1993ರಲ್ಲಿ ಅದರ ಮೊದಲ ಹಾರಾಟವಾಯಿತು. ಹಗುರ ಸಾರಿಗೆ ವಿಮಾನದ ಕಾರ್ಯಸಾಧ್ಯತಾ ಅಧ್ಯಯನ ಅದಕ್ಕೂ ಮೊದಲೇ, 1989ರಲ್ಲಿ ಸಿದ್ಧವಾಗಿತ್ತು. ಅದೇ ಮುಂದೆ ಸಾರಸ್ ಆಯಿತು.

ಇಲ್ಲೊಂದು ಸ್ಪಷ್ಟನೆ ಬೇಕು. ಸಾರಸ್ ಪೂರಾ ಜೆಟ್ ಅಲ್ಲ, ಟರ್ಬೊಪ್ರಾಪ್. ಒಳಗಿರುವುದು ಜೆಟ್ ಎಂಜಿನ್ನಿನ ತಿರುಳೇ. ಆದರೆ ಅದರ ಶಕ್ತಿ ಹಿಂದಕ್ಕೆ ಚಿಮ್ಮುವ ಬಿಸಿಗಾಳಿಯಾಗಿ ಹೋಗುವ ಬದಲು ಪ್ರೊಪೆಲ್ಲರನ್ನು ತಿರುಗಿಸುತ್ತದೆ. ಕಡಿಮೆ ದೂರದ ಹಾರಾಟದಲ್ಲಿ, ಗಿಡ್ಡ ಓಡುದಾರಿಯಲ್ಲಿ ಇದಕ್ಕೆ ಇಂಧನ ಕಡಿಮೆ ಸಾಕು. ಸಾರಸ್‌ನ ಹತ್ತಿರ ನಿಂತವರಿಗೆ ಮೊದಲು ಕಣ್ಣಿಗೆ ಬೀಳುವುದು ಅದರ ಹಿಂಭಾಗ. ಸಾಮಾನ್ಯವಾಗಿ ಇಂಥ ವಿಮಾನದ ಎಂಜಿನ್‌ಗಳು ರೆಕ್ಕೆಯ ಮೇಲಿರುತ್ತವೆ, ಪ್ರೊಪೆಲ್ಲರ್ ಮುಂದಕ್ಕೆ ಮುಖಮಾಡಿ ಗಾಳಿಯನ್ನು ಎಳೆಯುತ್ತದೆ. ಸಾರಸ್‌ನಲ್ಲಿ ಎರಡು ಎಂಜಿನ್‌ಗಳು ಒಡಲಿನ ಹಿಂಬದಿಯಲ್ಲಿ, ಅಕ್ಕಪಕ್ಕಕ್ಕೆ ಚಾಚಿದ ಮೋಟು ತೋಳುಗಳ ಮೇಲೆ ಕೂತಿವೆ. ಐದೈದು ಅಲಗುಗಳ ಪ್ರೊಪೆಲ್ಲರ್‌ಗಳು ಹಿಂದಕ್ಕೆ ಮುಖಮಾಡಿ ವಿಮಾನವನ್ನು ಮುಂದೆ ದೂಡುತ್ತವೆ. ಅವುಗಳ ಮೇಲೆ ಇಂಗ್ಲಿಷಿನ ‘ಟಿ’ ಅಕ್ಷರದಂಥ ಎತ್ತರದ ಬಾಲ. ಇಡೀ ವಿಮಾನದ ಉದ್ದ ಸುಮಾರು ಹದಿನೈದು ಮೀಟರ್. ರೆಕ್ಕೆಯ ತುದಿಯಿಂದ ತುದಿಗೂ ಹೆಚ್ಚುಕಡಿಮೆ ಅಷ್ಟೇ.

ಹಿಂದಿನಿಂದ ದೂಡುವ ಈ ವಿನ್ಯಾಸಕ್ಕೆ ಕಾರಣವಿತ್ತು. ಪ್ರೊಪೆಲ್ಲರ್‌ನ ಸದ್ದು ಪ್ರಯಾಣಿಕರ ಬೆನ್ನ ಹಿಂದೆ ಉಳಿಯುವುದರಿಂದ ಒಳಗೆ ಶಾಂತವಾಗಿರುತ್ತದೆ. ರೆಕ್ಕೆಯ ಮೇಲೆ ಕಲಕದ ಗಾಳಿ ಹರಿಯುವುದರಿಂದ ಎಳೆತ ಕಡಿಮೆಯಾಗುತ್ತದೆ. ಆದರೆ ಅದಕ್ಕೆ ತೆರಬೇಕಾದ ಬೆಲೆಯೂ ಉಂಟು. ಪ್ರೊಪೆಲ್ಲರ್‌ಗೆ ಸಿಗುವುದು ತೋಳು, ಒಡಲುಗಳು ಕಲಕಿ ಬಿಟ್ಟ ಗಾಳಿ. ಎಂಜಿನ್ನಿನ ಬಿಸಿ ಹೊಗೆ ಅದರ ಅಲಗುಗಳ ಮೇಲೇ ಹಾಯುತ್ತದೆ. ಭಾರವೆಲ್ಲ ಹಿಂದಕ್ಕೆ ಜಗ್ಗುತ್ತದೆ. ಇಟಲಿಯ ಪಿಯಾಜಿಯೊ ಅವಂತಿ, ಅಮೆರಿಕದ ಬೀಚ್‌ಕ್ರಾಫ್ಟ್ ಸ್ಟಾರ್‌ಷಿಪ್ ಎರಡೂ ಇದೇ ಬಗೆಯವು, ಎರಡೂ 1986ರಲ್ಲಿ ಮೊದಲು ಹಾರಿದವು. ಸ್ಟಾರ್‌ಷಿಪ್ ಅಂದುಕೊಂಡದ್ದಕ್ಕಿಂತ ಬಹಳ ಭಾರವಾಗಿ, ಬರೀ 53 ವಿಮಾನಗಳಿಗೆ ನಿಂತುಹೋಯಿತು. ಅವಂತಿಯ ಕಂಪನಿ 1990ರ ದಶಕದಲ್ಲಿ ಮುಳುಗುವ ಹಂತ ತಲುಪಿ, 1998ರಲ್ಲಿ ಹೊಸ ಹೂಡಿಕೆದಾರರು ಬಂದಮೇಲೆ ಚೇತರಿಸಿಕೊಂಡಿತು. ನಮ್ಮವರು ಆರಿಸಿಕೊಂಡದ್ದು ಅನುಭವಿಗಳಿಗೂ ಬೆವರಿಳಿಸಿದ್ದ ದಾರಿ.

ಆ ದಾರಿಯಲ್ಲಿ ಜೊತೆಗಾರರಿದ್ದರು. 1990ರ ದಶಕದ ಆರಂಭದಲ್ಲಿ ರಷ್ಯಾದ ಮಯಸಿಷೆವ್ ವಿನ್ಯಾಸ ಸಂಸ್ಥೆಯೊಡನೆ ಸೇರಿ ಈ ವಿಮಾನ ಮಾಡಬೇಕೆಂಬ ಯೋಜನೆಯಿತ್ತು. ಸೋವಿಯತ್ ಒಕ್ಕೂಟ ಒಡೆಯಿತು, ಅವರ ಕೈಯಲ್ಲಿ ಹಣ ಉಳಿಯಲಿಲ್ಲ, ಹಿಂದೆ ಸರಿದರು. ಎನ್‌ಎಎಲ್ ಒಂಟಿಯಾಗಿ ಮುಂದುವರಿಯಿತು. 1998ರ ಮೇ ತಿಂಗಳಲ್ಲಿ ಪೋಖ್ರಾನ್‌ನಲ್ಲಿ ಅಣುಪರೀಕ್ಷೆ ನಡೆಯಿತು. ಅದರ ಬೆನ್ನಿಗೇ ಅಮೆರಿಕದ ನಿರ್ಬಂಧಗಳು ಬಂದವು. ಬಿಡಿಭಾಗ, ಉಪಕರಣ ತರಿಸುವುದು ತ್ರಾಸವಾಯಿತು. ಕೇಂದ್ರ ಸರ್ಕಾರದ ಅಧಿಕೃತ ಒಪ್ಪಿಗೆ ಸಿಕ್ಕಿದ್ದು 1999ರ ಸೆಪ್ಟೆಂಬರ್‌ನಲ್ಲಿ. 2001ರ ಮಾರ್ಚ್ ಹೊತ್ತಿಗೆ ಹಾರಿಸುವ ಗುರಿಯಿತ್ತು. ಹಾರಿದ್ದು 2004ರ ಮೇ 29ರಂದು, ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ. ಮೂರು ವರ್ಷ ತಡವಾಯಿತು ಎಂದು ಟೀಕಿಸುವುದು ಸುಲಭ. ಜೊತೆಗಾರ ಬಿಟ್ಟುಹೋಗಿ, ಹೊರದೇಶದ ಬಾಗಿಲುಗಳು ಮುಚ್ಚಿಕೊಂಡಿದ್ದಾಗ, ಮೊದಲ ಬಾರಿಗೆ ಇಷ್ಟು ದೊಡ್ಡ ನಾಗರಿಕ ವಿಮಾನ ಕಟ್ಟಿದ ತಂಡ ಅದು. ಅಂದಿನ ಹಾರಾಟ ನಿಜವಾಗಿಯೂ ಹೆಮ್ಮೆಪಡುವಂಥದ್ದು.

ಆದರೆ ಮೊದಲ ಮಾದರಿಯ ತೂಕ ಒಂದು ಸತ್ಯವನ್ನು ಹೇಳುತ್ತಿತ್ತು. ವಿನ್ಯಾಸದ ಪ್ರಕಾರ ಇರಬೇಕಾದ ಖಾಲಿ ತೂಕ 4,125 ಕಿಲೊ. ತಕ್ಕಡಿಗೆ ಏರಿಸಿದಾಗ ಬಂದದ್ದು 5,118 ಕಿಲೊ. ಹತ್ತಿರಹತ್ತಿರ ಒಂದು ಟನ್ ಹೆಚ್ಚು. ಚೀಲ ಸಮೇತ ಒಬ್ಬ ಪ್ರಯಾಣಿಕನಿಗೆ ನೂರು ಕಿಲೊ ಎಂದು ಹಿಡಿದರೂ ಹತ್ತು ಜನ ಹತ್ತುವ ಮೊದಲೇ ಅವರ ಭಾರ ವಿಮಾನದ ಮೇಲೆ ಬಿದ್ದಂತಾಯಿತು. ಹದಿನಾಲ್ಕು ಸೀಟಿನ ವಿಮಾನಕ್ಕೆ ಇದು ಸಣ್ಣ ಮಾತಲ್ಲ. ವಿಮಾನದಲ್ಲಿ ತೂಕವೆಂಬುದು ಒಂಟಿಯಾಗಿ ಬರುವುದಿಲ್ಲ. ಭಾರ ಹೆಚ್ಚಾದರೆ ಎಂಜಿನ್ ದೊಡ್ಡದಾಗಬೇಕು. ದೊಡ್ಡ ಎಂಜಿನ್ ಹೆಚ್ಚು ಇಂಧನ ಕೇಳುತ್ತದೆ. ಇಂಧನ ಹೆಚ್ಚಾದರೆ ಅದನ್ನು ಹೊರುವ ರೆಕ್ಕೆ, ಚಕ್ರ, ಬ್ರೇಕು ಎಲ್ಲವೂ ಗಟ್ಟಿಯಾಗಬೇಕು. ಗಟ್ಟಿ ಮಾಡಿದರೆ ಮತ್ತೆ ಭಾರ. ಸಾರಸ್‌ನ ಮೊದಲ ಮಾದರಿಗೆ ಕೆನಡಾದ ಪ್ರ್ಯಾಟ್ ಅಂಡ್ ವಿಟ್ನಿಯ 850 ಅಶ್ವಶಕ್ತಿಯ ಎಂಜಿನ್‌ಗಳಿದ್ದವು. ಎರಡನೆಯದಕ್ಕೆ 1,200 ಅಶ್ವಶಕ್ತಿಯವನ್ನು ಹಾಕಬೇಕಾಯಿತು. ಜೊತೆಗೆ ಲೋಹದ ಬದಲು ಹಗುರವಾದ ಸಂಯುಕ್ತ ವಸ್ತುಗಳನ್ನು ಬಳಸಿ ನಾಲ್ಕುನೂರು ಕಿಲೊದಷ್ಟು ಇಳಿಸುವ ಪ್ರಯತ್ನವೂ ನಡೆಯಿತು. 2007ರ ಏಪ್ರಿಲ್ 18ರಂದು ಎರಡನೆಯ ಮಾದರಿ ಹಾರಿತು.

ಮೊದಲ ಮಾದರಿಯಲ್ಲಿ ಭಾರ ಹೆಚ್ಚಾಗುವುದು ಅವಮಾನದ ವಿಷಯವೇನಲ್ಲ. ಮೂಲಮಾದರಿ ಇರುವುದೇ ಇಂಥವನ್ನು ಹೊರಗೆಳೆಯಲು. ನಮ್ಮ ಭಾಗದವರಿಗೆ ಇದನ್ನು ಹೇಳುವುದು ಸುಲಭ. ಆಲೆಮನೆಯಲ್ಲಿ ಒಂದು ಕೊಪ್ಪರಿಗೆ ಬೆಲ್ಲ ಹದವಾಗಿ ಬಂದರೆ ಅದು ಪಾಕ ಹಿಡಿಯುವವನ ಕೈಗುಣ. ಆದರೆ ಬೇರೆಬೇರೆ ಗದ್ದೆಯ ಕಬ್ಬು ಬಂದಾಗಲೂ, ಮಳೆ ಬಿದ್ದ ದಿನವೂ, ಸುಗ್ಗಿ ಮುಗಿಯುವ ತನಕ ಪ್ರತಿ ಅಚ್ಚೂ ಒಂದೇ ಬಣ್ಣ, ಒಂದೇ ಗಟ್ಟಿತನ ಇರಬೇಕೆಂದರೆ ಆಲೆಮನೆಯ ವ್ಯವಸ್ಥೆಯೇ ಗಟ್ಟಿಯಿರಬೇಕು. ವಿಮಾನದಲ್ಲಿ ಈ ಎರಡನೆಯ ಹಂತಕ್ಕೆ ಪ್ರಮಾಣಪತ್ರ ಮತ್ತು ಉತ್ಪಾದನೆ ಎಂದು ಹೆಸರು. ಮೊದಲ ಹಾರಾಟ ಆದಮೇಲೆ ನೂರಾರು ಗಂಟೆಗಳ ಪರೀಕ್ಷಾ ಹಾರಾಟ ನಡೆಯಬೇಕು. ಒಂದು ಎಂಜಿನ್ ಕೆಟ್ಟರೆ ಏನಾಗುತ್ತದೆ, ವೇಗ ತೀರಾ ಕಡಿಮೆಯಾದರೆ ವಿಮಾನ ಹೇಗೆ ವರ್ತಿಸುತ್ತದೆ, ರೆಕ್ಕೆಗೆ ಹಿಮ ಕಟ್ಟಿದರೆ ಗತಿಯೇನು, ಒಡಲಿನ ಒತ್ತಡ ಸಾವಿರಾರು ಸಲ ಏರಿಳಿದ ಮೇಲೆ ಎಲ್ಲಿ ಬಿರುಕು ಬಿಡುತ್ತದೆ, ಇವೆಲ್ಲಕ್ಕೂ ಕಾಗದದ ಮೇಲೆ ಮತ್ತು ಗಾಳಿಯಲ್ಲಿ ಉತ್ತರ ಕೊಡಬೇಕು. ಅದಾದ ಮೇಲೂ ಹತ್ತನೆಯ ವಿಮಾನ, ನೂರನೆಯ ವಿಮಾನ ಮೊದಲನೆಯದರಂತೆಯೇ ಇರುತ್ತದೆಂದು ಕಾರ್ಖಾನೆ ಸಾಬೀತು ಮಾಡಬೇಕು. ಬಹುಪಾಲು ಹಣ, ಸಮಯ, ತಾಳ್ಮೆ ಬೇಡುವುದು ಈ ಹಂತ. ಪತ್ರಿಕೆಯ ಮುಖಪುಟಕ್ಕೆ ಬರುವುದು ಮಾತ್ರ ಮೊದಲ ಹಾರಾಟ.

ಆ ಪರೀಕ್ಷೆಯ ಹಾದಿಯಲ್ಲೇ 2009ರ ಮಾರ್ಚ್ 6ರ ದುರಂತ ನಡೆಯಿತು. ಎರಡನೆಯ ಮಾದರಿ ಅಂದು ಎಚ್‌ಎಎಲ್ ನಿಲ್ದಾಣದಿಂದ ಹೊರಟದ್ದು, ಹಾರುವಾಗಲೇ ಒಂದು ಎಂಜಿನ್ ನಿಲ್ಲಿಸಿ ಮತ್ತೆ ಹೊತ್ತಿಸುವ ಪರೀಕ್ಷೆಗೆ. ಯಾವುದೇ ವಿಮಾನ ಪ್ರಯಾಣಿಕರನ್ನು ಹೊರುವ ಮೊದಲು ದಾಟಲೇಬೇಕಾದ ಪರೀಕ್ಷೆ ಅದು. ವಿಮಾನ ಬಿದ್ದದ್ದು ಬಿಡದಿ ಬಳಿಯ ಶೇಷಗಿರಿಹಳ್ಳಿಯಲ್ಲಿ. ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ ಮೂವರೂ ತೀರಿಕೊಂಡರು. ಮೊದಲಿಬ್ಬರು ವಾಯುಪಡೆಯ ಪರೀಕ್ಷಾ ಚಾಲಕರು, ಮೂರನೆಯವರು ಹಾರಾಟ ಪರೀಕ್ಷೆಯ ಎಂಜಿನಿಯರ್. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ತನಿಖೆ, ಎಂಜಿನ್ ಮತ್ತೆ ಹೊತ್ತಿಸಲು ರೂಪಿಸಿಕೊಟ್ಟಿದ್ದ ಕ್ರಮವೇ ತಪ್ಪಾಗಿತ್ತು, ಅದನ್ನು ಸಾಕಷ್ಟು ಎತ್ತರವಿಲ್ಲದ ಕಡೆ ಅನುಸರಿಸಿದ್ದರಿಂದ ವಿಮಾನ ಹತೋಟಿ ತಪ್ಪಿತು ಎಂದು ಹೇಳಿತು. ನಮ್ಮ ಜಿಲ್ಲೆಯಿಂದ ಬೆಂಗಳೂರಿಗೆ ಹೋಗುವವರೆಲ್ಲ ದಾಟುವ ಊರು ಬಿಡದಿ. ತಟ್ಟೆ ಇಡ್ಲಿಗೆಂದು ಅಲ್ಲಿ ಗಾಡಿ ನಿಲ್ಲಿಸುವ ನಮ್ಮಲ್ಲಿ ಈ ಮೂವರ ಹೆಸರು ಎಷ್ಟು ಜನಕ್ಕೆ ಗೊತ್ತು? ಒಂದು ವಿಮಾನವನ್ನು ನಮ್ಮ ನಿಮ್ಮಂಥವರು ಹತ್ತಲು ಯೋಗ್ಯವಾಗಿಸುವ ಕೆಲಸದಲ್ಲಿ ಪ್ರಾಣ ಕೊಟ್ಟವರು ಅವರು. ಶಾಲೆಯ ಪಾಠದಲ್ಲಿ ಅವರಿಗೊಂದು ಜಾಗ ಸಿಗಬೇಕು ಎಂಬುದು ನನ್ನ ಬಲವಾದ ನಂಬಿಕೆ.

ದುರಂತವೇ ಸಾರಸ್ಸನ್ನು ಮುಗಿಸಿತು ಎಂದು ಹಲವರು ಹೇಳುತ್ತಾರೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಬಿಸಿನೆಸ್ ಜೆಟ್ ಎಂಬ ವಸ್ತುವಿಗೇ ಹೆಸರಾದ ಲಿಯರ್‌ಜೆಟ್‌ನ ಕತೆ ಕೇಳಿ. ಬಿಲ್ ಲಿಯರ್ ಎಂಬ ಅಮೆರಿಕದ ಉದ್ಯಮಿ, ಸ್ವಿಟ್ಜರ್ಲೆಂಡಿನವರು ಅರ್ಧಕ್ಕೆ ಕೈಬಿಟ್ಟ ಯುದ್ಧವಿಮಾನವೊಂದರ ರೆಕ್ಕೆಯ ವಿನ್ಯಾಸದಿಂದ ಶುರುಮಾಡಿ ಕಟ್ಟಿಸಿದ ಲಿಯರ್‌ಜೆಟ್ 23, 1963ರ ಅಕ್ಟೋಬರ್ 7ರಂದು ಮೊದಲು ಹಾರಿತು. ಎಂಟು ತಿಂಗಳಾಗುವಷ್ಟರಲ್ಲಿ, 1964ರ ಜೂನ್‌ನಲ್ಲಿ, ಸರ್ಕಾರದ ಪರೀಕ್ಷಾ ಚಾಲಕರ ಕೈಯಲ್ಲಿದ್ದಾಗಲೇ ಆ ಮೊದಲ ವಿಮಾನ ನೆಲಕ್ಕೆ ಬಿದ್ದು ಸುಟ್ಟುಹೋಯಿತು. ಅದೃಷ್ಟವಶಾತ್ ಯಾರೂ ಸಾಯಲಿಲ್ಲ. ಎರಡನೆಯ ವಿಮಾನ ಸಿದ್ಧವಿತ್ತು. ಪರೀಕ್ಷೆ ನಿಲ್ಲಲಿಲ್ಲ. ಜುಲೈ 31ಕ್ಕೆ ಪ್ರಮಾಣಪತ್ರ ಕೈಸೇರಿತು, ಅಕ್ಟೋಬರ್‌ನಲ್ಲಿ ಮೊದಲ ಗಿರಾಕಿಗೆ ವಿಮಾನ ಹೋಯಿತು. 2022ರ ಮಾರ್ಚ್‌ನಲ್ಲಿ ಕೊನೆಯ ಲಿಯರ್‌ಜೆಟ್ ಹೊರಬರುವ ಹೊತ್ತಿಗೆ ಮೂರು ಸಾವಿರಕ್ಕೂ ಹೆಚ್ಚು ವಿಮಾನಗಳು ತಯಾರಾಗಿದ್ದವು.

ಅಮೆರಿಕದ ಮಾತು ಬೇರೆ ಅನ್ನುವವರಿಗೆ ಜಪಾನಿನ ಹೋಂಡಾ ಉದಾಹರಣೆ ಇದೆ. ನಮ್ಮ ಊರಿನ ರಸ್ತೆಗಳಲ್ಲಿ ಓಡುವ ಸ್ಕೂಟರು, ಗದ್ದೆಗೆ ನೀರೆತ್ತುವ ಪಂಪ್‌ಸೆಟ್‌ಗಳಿಂದ ನಮಗೆಲ್ಲ ಪರಿಚಯವಾದ ಕಂಪನಿ ಅದು. ವಿಮಾನದ ಅನುಭವ ಅದಕ್ಕೂ ಇರಲಿಲ್ಲ. 1986ರಲ್ಲಿ ಸಂಶೋಧನೆ ಆರಂಭಿಸಿತು. ಹೋಂಡಾಜೆಟ್‌ನ ಪ್ರಯೋಗ ಮಾದರಿ ಹಾರಿದ್ದು 2003ರ ಡಿಸೆಂಬರ್‌ನಲ್ಲಿ, ಅಂದರೆ ಸಾರಸ್‌ಗಿಂತ ಆರು ತಿಂಗಳಷ್ಟೇ ಮುಂಚೆ. ಪ್ರಮಾಣಪತ್ರ ಸಿಕ್ಕಿದ್ದು 2015ರ ಡಿಸೆಂಬರ್‌ನಲ್ಲಿ. ಮೊದಲ ಹಾರಾಟದಿಂದ ಹನ್ನೆರಡು ವರ್ಷ, ಮೊದಲ ಸಂಶೋಧನೆಯಿಂದ ಸುಮಾರು ಮೂವತ್ತು ವರ್ಷ! ಆ ಹನ್ನೆರಡು ವರ್ಷಗಳಲ್ಲಿ ಎಂಜಿನ್ ತಡವಾಯಿತು, ಗಡುವುಗಳು ಜಾರಿದವು. ಆದರೂ ಹಣ ನಿಲ್ಲಲಿಲ್ಲ, ತಂಡ ಚದುರಲಿಲ್ಲ, ಯೋಜನೆಯ ಹೊಣೆ ಹೊತ್ತ ಮುಖ್ಯ ಎಂಜಿನಿಯರ್ ಮಿಚಿಮಾಸಾ ಫುಜಿನೊ ಬದಲಾಗಲಿಲ್ಲ. ಹೋಂಡಾಜೆಟ್ ಮತ್ತು ಸಾರಸ್ ಎರಡೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಕಣ್ಣುಬಿಟ್ಟು, ಒಂದೇ ಕಾಲದಲ್ಲಿ ರೆಕ್ಕೆ ಬಿಚ್ಚಿದವು. ಇವತ್ತು ಒಂದು ಮಾರುಕಟ್ಟೆಯಲ್ಲಿದೆ, ಇನ್ನೊಂದು ಇನ್ನೂ ಪ್ರಯೋಗಾಲಯದಲ್ಲಿದೆ.

ನಮ್ಮಲ್ಲಿ ಆದದ್ದು ಇಷ್ಟು. ದುರಂತದ ನಂತರ ಸಾರಸ್‌ನ ಕೆಲಸ ಕುಂಟತೊಡಗಿತು. ಉತ್ಪಾದನಾ ಮಟ್ಟದ ಮೂರನೆಯ ಮಾದರಿಯ ಕೆಲಸ ಅರ್ಧದಲ್ಲೇ ಇತ್ತು. 2013ರ ಕೊನೆಗೆ ಹಣ ನಿಂತಿತು. ತಂಡದವರು ಬೇರೆ ಬೇರೆ ಕೆಲಸಗಳಿಗೆ ಹೋದರು. ವಿಮಾನ ಕಟ್ಟುವ ವಿದ್ಯೆ ನಕ್ಷೆಗಳಲ್ಲಿ ಇರುವುದು ಸ್ವಲ್ಪ, ಕೈಗಳಲ್ಲಿ ಇರುವುದು ಬಹಳ. ಯಾವ ಕೀಲು ಯಾಕೆ ಅಷ್ಟು ದಪ್ಪವಾಯಿತು, ಯಾವ ಪರೀಕ್ಷೆಯಲ್ಲಿ ಬಾಲ ನಡುಗಿತು, ಅದಕ್ಕೆ ಏನು ಮದ್ದು ಮಾಡಿದರು ಎಂಬ ಸಂಗತಿಗಳು ಜೊತೆಯಲ್ಲಿ ಕೂತು ಕೆಲಸ ಮಾಡಿದವರ ತಲೆಯಲ್ಲಿರುತ್ತವೆ. ಒಬ್ಬರು ನಿವೃತ್ತರಾದಾಗ ಪಕ್ಕದಲ್ಲಿ ಕಲಿಯುವ ಕಿರಿಯರಿದ್ದರೆ ಅದು ಉಳಿಯುತ್ತದೆ. ಕೆಲಸವೇ ನಿಂತುಹೋದರೆ ಕಿರಿಯರು ಯಾಕೆ ಬರುತ್ತಾರೆ? ಹಣ ನಿಂತ ಒಂದು ವರ್ಷದ ನಷ್ಟವನ್ನು ಮುಂದಿನ ವರ್ಷ ಎರಡು ಪಾಲು ಹಣ ಕೊಟ್ಟು ತುಂಬಲು ಆಗುವುದಿಲ್ಲ.

ಅಷ್ಟಾದರೂ ಎನ್‌ಎಎಲ್‌ನವರು ಕೈಚೆಲ್ಲಲಿಲ್ಲ ಎಂಬುದನ್ನು ಮನಸಾರೆ ಮೆಚ್ಚಬೇಕು. ಮೂಲೆ ಸೇರಿದ್ದ ಮೊದಲ ಮಾದರಿಯನ್ನೇ ಹೊರಗೆ ತೆಗೆದು, 1,200 ಅಶ್ವಶಕ್ತಿಯ ಎಂಜಿನ್ ಹಾಕಿ, ನಿಯಂತ್ರಣ ವ್ಯವಸ್ಥೆಗಳನ್ನು ಸುಧಾರಿಸಿ, 2018ರ ಜನವರಿ 24ರಂದು ಮತ್ತೆ ಹಾರಿಸಿದರು. ಫೆಬ್ರವರಿಯಲ್ಲಿ ಇನ್ನೊಮ್ಮೆ ಹಾರಿತು. ಈ ಅನುಭವದ ಮೇಲೆ 19 ಸೀಟಿನ ಸಾರಸ್ ಮಾರ್ಕ್-2 ವಿನ್ಯಾಸ ಕೈಗೆತ್ತಿಕೊಂಡರು. ಅದರ ಉತ್ಪಾದನೆ ಎಚ್‌ಎಎಲ್‌ನ ಕಾನ್ಪುರ ಘಟಕದಲ್ಲಿ ಆಗಬೇಕೆಂಬುದು ಯೋಜನೆ.

ಕಾನ್ಪುರ ಎಂದಾಗ ಇನ್ನೊಂದು ಮಾತು ಬರುತ್ತದೆ. ಅದೇ ಘಟಕದಲ್ಲಿ 1980ರ ದಶಕದಿಂದ ಡಾರ್ನಿಯರ್ 228 ಎಂಬ 19 ಸೀಟಿನ ವಿಮಾನ ತಯಾರಾಗುತ್ತಿದೆ. ಮೂಲ ವಿನ್ಯಾಸ ಜರ್ಮನಿಯದು, ಪರವಾನಗಿ ಪಡೆದು ಇಲ್ಲಿ ಕಟ್ಟುವುದು. ಬಹುಕಾಲ ಹೆಚ್ಚಾಗಿ ಸೇನೆ, ಕರಾವಳಿ ಕಾವಲು ಪಡೆಗಳಿಗೆ ಹೋಗುತ್ತಿದ್ದ ಈ ವಿಮಾನ 2022ರ ಏಪ್ರಿಲ್‌ನಲ್ಲಿ ಅಲಯನ್ಸ್ ಏರ್ ಮೂಲಕ ಅಸ್ಸಾಮಿನ ದಿಬ್ರುಗಢದಿಂದ ಅರುಣಾಚಲದ ಪಾಸಿಘಾಟ್‌ಗೆ ಸಾಮಾನ್ಯ ಪ್ರಯಾಣಿಕರನ್ನು ಹೊತ್ತು ಹಾರಿತು. ಅಂದರೆ ಕಟ್ಟುವ ಕೈ ನಮ್ಮಲ್ಲಿದೆ, ವಿನ್ಯಾಸ ಮಾಡುವ ತಲೆಯೂ ನಮ್ಮಲ್ಲಿದೆ. ಇವೆರಡೂ ಒಂದೇ ವಿಮಾನದ ಮೇಲೆ ಹತ್ತಿಪ್ಪತ್ತು ವರ್ಷ ಬಿಡದೆ ದುಡಿದದ್ದು ಮಾತ್ರ ಕಡಿಮೆ. ಗಿರಾಕಿಯ ಪ್ರಶ್ನೆಯೂ ಇದೆ. ಸಾರಸ್‌ಗೆ ಹಿಂದೆ ವಾಯುಪಡೆ ತೋರಿದ್ದ ಆಸಕ್ತಿ 15 ವಿಮಾನಗಳಿಗೆ ಸೀಮಿತವಾಗಿತ್ತು. ಹದಿನೈದು ವಿಮಾನಕ್ಕೆಂದು ಯಾವ ಕಾರ್ಖಾನೆಯೂ ಅಚ್ಚು, ಉಪಕರಣ, ಕೆಲಸಗಾರರನ್ನು ಲಾಭದಲ್ಲಿ ಹೊಂದಿಸಲಾಗದು. ಮೊದಲ ದೊಡ್ಡ ಗಿರಾಕಿಯಾಗಿ ಸರ್ಕಾರವೇ ಧೈರ್ಯ ಮಾಡಬೇಕಾಗುತ್ತದೆ.

ಶ್ರೀರಂಗಪಟ್ಟಣದಲ್ಲಿ ಕೂತು ಇದನ್ನು ಬರೆಯುವಾಗ ನನಗೆ ಎನ್‌ಎಎಲ್‌ನ ಒಬ್ಬ ನಿರ್ದೇಶಕರು ನೆನಪಾಗುತ್ತಾರೆ. ಪ್ರೊ. ರೊದ್ದಂ ನರಸಿಂಹ. 1984ರಿಂದ 1993ರವರೆಗೆ ಅವರು ಆ ಸಂಸ್ಥೆಯನ್ನು ನಡೆಸಿದರು. ಸಾರಸ್‌ನ ಕಲ್ಪನೆ ಮೊಳೆತದ್ದು ಅವರ ಕಾಲದಲ್ಲೇ. ದ್ರವಚಲನ ವಿಜ್ಞಾನದಲ್ಲಿ ಜಗತ್ತೇ ಗೌರವಿಸಿದ ಆ ವಿಜ್ಞಾನಿ 1985ರಲ್ಲಿ ನಮ್ಮ ಊರಿನ ರಾಕೆಟ್‌ಗಳ ಬಗ್ಗೆ ಒಂದು ಅಧ್ಯಯನ ಬರೆದರು. ಹೈದರ್, ಟಿಪ್ಪು ಕಾಲದ ಮೈಸೂರು ರಾಕೆಟ್‌ಗಳ ಹೆಚ್ಚುಗಾರಿಕೆ ಅವುಗಳ ಕಬ್ಬಿಣದ ಕೊಳವೆಯಲ್ಲಿತ್ತು. ಕಾಗದ, ಬಿದಿರಿನ ಕೊಳವೆ ತಾಳಲಾರದ ಒತ್ತಡವನ್ನು ಕಬ್ಬಿಣ ತಾಳುತ್ತಿತ್ತು, ಹಾಗಾಗಿ ಹೆಚ್ಚು ದೂರ ಹೋಗುತ್ತಿತ್ತು. 1799ರ ಏಪ್ರಿಲ್‌ನಲ್ಲಿ ಇದೇ ಊರಿನ ಹತ್ತಿರದ ಸುಲ್ತಾನ್‌ಪೇಟೆ ತೋಪಿನಲ್ಲಿ ರಾತ್ರಿ ದಾಳಿಗೆ ಬಂದ ಆರ್ಥರ್ ವೆಲ್ಲೆಸ್ಲಿಯ ಪಡೆ ರಾಕೆಟ್ ಮತ್ತು ಬಂದೂಕಿನ ಹೊಡೆತಕ್ಕೆ ಹಿಮ್ಮೆಟ್ಟಬೇಕಾಯಿತು. ಮೇ 4ರಂದು ಕೋಟೆ ಬಿತ್ತು. ರಾಕೆಟ್‌ಗಳು ಇಂಗ್ಲೆಂಡಿನ ವುಲಿಚ್‌ಗೆ ಹೋದವು.

ಅಲ್ಲಿ ನಡೆದದ್ದೇ ಇಂದಿನ ಮಾತಿಗೆ ಮುಖ್ಯ. ವಿಲಿಯಂ ಕಾಂಗ್ರೀವ್ 1804ರ ಸುಮಾರಿಗೆ ಪ್ರಯೋಗ ಆರಂಭಿಸಿದ. ಮದ್ದಿನ ಪಾಕ ಬದಲಿಸಿ ನೋಡಿದ, ಕೊಳವೆಗಳನ್ನು ತೂಕದ ಪ್ರಕಾರ ಬೇರೆಬೇರೆ ಗಾತ್ರದಲ್ಲಿ ನಿಗದಿ ಮಾಡಿದ, ಪ್ರತಿಯೊಂದರ ದೂರವನ್ನು ಅಳೆದು ಬರೆದಿಟ್ಟ, ನಕ್ಷೆ ಸಮೇತ ಪುಸ್ತಕಗಳನ್ನು ಪ್ರಕಟಿಸಿದ. 1806ರಲ್ಲಿ ಬೊಲೋನ್ ಮೇಲೆ, 1807ರಲ್ಲಿ ಕೋಪನ್‌ಹೇಗನ್ ಮೇಲೆ ಬಿದ್ದದ್ದು ಹೀಗೆ ತಯಾರಾದ ರಾಕೆಟ್‌ಗಳು. ಶ್ರೀರಂಗಪಟ್ಟಣದ ಕಮ್ಮಾರರ ಕೌಶಲಕ್ಕೆ ಎಣೆಯಿರಲಿಲ್ಲ. ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದ ಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕಿದಾಗ ನಾವೆಲ್ಲ ಬೆರಗಾದೆವು. ಸಂಖ್ಯೆಯಲ್ಲೂ ನಾವು ಹಿಂದಿರಲಿಲ್ಲ. ಆದರೆ ಅಳೆದು, ಬರೆದಿಟ್ಟು, ಮುಂದಿನವರು ಅಲ್ಲಿಂದ ಮುಂದಕ್ಕೆ ಹೋಗುವಂತೆ ಮಾಡುವ ಏರ್ಪಾಡು ಅವರಲ್ಲಿ ಬೆಳೆಯಿತು. ನಮ್ಮಲ್ಲಿ ರಾಜ್ಯ ಬಿದ್ದೊಡನೆ ವಿದ್ಯೆಯೂ ಬಿತ್ತು. ಎರಡು ಶತಮಾನದ ಹಿಂದಿನ ಆ ಕತೆಯನ್ನು ಓದಿ ಹೆಮ್ಮೆಪಟ್ಟರೆ ಸಾಲದು, ಅದರ ಎರಡನೆಯ ಅರ್ಧವನ್ನೂ ಓದಬೇಕು.

ಈಗ ಹೊಸ ಸುದ್ದಿಯೂ ಇದೆ. ಫ್ರಾನ್ಸಿನ ಡಸೊ ಕಂಪನಿ ತನ್ನ ಫಾಲ್ಕನ್ 2000 ಬಿಸಿನೆಸ್ ಜೆಟ್ಟನ್ನು ರಿಲಯನ್ಸ್ ಜೊತೆಗೂಡಿ ನಾಗಪುರದಲ್ಲಿ ಕಟ್ಟುವುದಾಗಿ 2025ರ ಜೂನ್‌ನಲ್ಲಿ ಪ್ಯಾರಿಸ್ ವಿಮಾನ ಪ್ರದರ್ಶನದಲ್ಲಿ ಪ್ರಕಟಿಸಿತು. ಫ್ರಾನ್ಸಿನ ಹೊರಗೆ ಫಾಲ್ಕನ್ ತಯಾರಾಗುವುದು ಇದೇ ಮೊದಲು. 2028ರ ಹೊತ್ತಿಗೆ ಭಾರತದಲ್ಲಿ ಕಟ್ಟಿದ ಮೊದಲ ಫಾಲ್ಕನ್ ಹಾರಬೇಕೆಂಬುದು ಗುರಿ. ಇದನ್ನು ನಾನು ಸ್ವಾಗತಿಸುತ್ತೇನೆ. ಅಲ್ಲಿ ಕೆಲಸ ಮಾಡುವ ಹುಡುಗರು ಉತ್ಪಾದನೆಯ ಶಿಸ್ತನ್ನು ಹತ್ತಿರದಿಂದ ಕಲಿಯುತ್ತಾರೆ, ಅದು ನಮ್ಮಲ್ಲಿ ಕೊರತೆಯಿರುವ ವಿದ್ಯೆ. ಆದರೆ ವಿನ್ಯಾಸದ ಹಕ್ಕು, ಮುಂದಿನ ಮಾದರಿ ಹೇಗಿರಬೇಕೆಂಬ ತೀರ್ಮಾನ ಪ್ಯಾರಿಸ್‌ನಲ್ಲೇ ಉಳಿಯುತ್ತದೆ. ಸಾರಸ್ ಚಿಕ್ಕದಾಗಿರಬಹುದು, ನಿಧಾನವಾಗಿರಬಹುದು, ಅದರ ತೀರ್ಮಾನ ನಮ್ಮದು. ನಾಗಪುರದ ಕಾರಣ ಕೊಟ್ಟು ಬೆಂಗಳೂರಿನ ಕೆಲಸವನ್ನು ಮತ್ತೊಮ್ಮೆ ನಿಲ್ಲಿಸಿದರೆ ಅದು ದೊಡ್ಡ ತಪ್ಪಾಗುತ್ತದೆ.

ಪಾಂಡವಪುರದ ಆ ಹುಡುಗಿಗೆ, ಅವಳಂತೆ ಕೇಳುವ ಎಲ್ಲರಿಗೂ ನನ್ನ ಮಾತು ಇದು. ಎಂಜಿನಿಯರಿಂಗ್ ಓದಿದರೆ ಇಂಥ ವಿಮಾನದ ವಿನ್ಯಾಸಕ್ಕೆ ಹೋಗಬಹುದು. ಐಟಿಐ, ಡಿಪ್ಲೊಮಾ ಓದಿದವರಿಗೂ ಇಲ್ಲಿ ಅಷ್ಟೇ ಮುಖ್ಯವಾದ ಕೆಲಸವಿದೆ. ರೆಕ್ಕೆಯ ಸಂಯುಕ್ತ ಪದರಗಳನ್ನು ಒಂದರ ಮೇಲೊಂದು ಗುಳ್ಳೆ ಬಾರದಂತೆ ಹಾಸುವ ಕೈ, ಪ್ರತಿ ರಿವೆಟ್ಟನ್ನೂ ಪರೀಕ್ಷಿಸಿ ದಾಖಲೆ ಬರೆಯುವ ಕಣ್ಣು ಇಲ್ಲದೆ ಯಾವ ವಿನ್ಯಾಸವೂ ವಿಮಾನವಾಗದು. ಇನ್ನು ಓಟು ಹಾಕುವ ನಾವು ಕೇಳಬೇಕಾದ ಪ್ರಶ್ನೆಯನ್ನೂ ಬದಲಿಸಿಕೊಳ್ಳಬೇಕು. ‘ನಮ್ಮ ವಿಮಾನ ಯಾವಾಗ ಹಾರುತ್ತದೆ?’ ಎಂದು ನಮ್ಮ ಸಂಸದರನ್ನು ಕೇಳಿದರೆ ಒಂದು ತಾರೀಖು ಸಿಗುತ್ತದೆ, ಅದು ಜಾರುತ್ತದೆ, ನಾವು ಮರೆಯುತ್ತೇವೆ. ‘ಹಾರಿದ ಮೇಲಿನ ಹತ್ತು ವರ್ಷಕ್ಕೆ ಹಣ ಎಲ್ಲಿದೆ, ಮೊದಲ ಐವತ್ತು ವಿಮಾನ ಯಾರು ಕೊಳ್ಳುತ್ತಾರೆ, ಒಂದು ಮಾದರಿ ಬಿದ್ದರೆ ಎರಡನೆಯದು ಸಿದ್ಧವಿದೆಯೇ?’ ಎಂದು ಕೇಳೋಣ. ಲೋಕಸಭೆಯಲ್ಲಿ ಈ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಸಿಕ್ಕ ದಿನ ಸಾರಸ್ ಮಂಡಕಳ್ಳಿಗೆ ಬರುತ್ತದೆಂದು ನಾನು ನಂಬುತ್ತೇನೆ.